ಹಳೆ ಖಣಿಯ ಗೂಬೆ

ಶಹಾಬಾದಿನ ಹೊರಗೆ ಹಮೀದಾಬಿಯ ಹೊಲ. ಕೊಯ್ದು ಒಟ್ಟಿದ ತೊಗರಿಯನ್ನು ಈ ಸಲವೂ ಇಲಿಗಳು ಬಿಟ್ಟಿರಲಿಲ್ಲ. ಹೊಲದ ಪಕ್ಕದಲ್ಲೇ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ. ಹೊಸ ಖಣಿಯಲ್ಲಿ ಒಡೆದುಹೋದ ಫರಸಿ ಕಲ್ಲನ್ನು ತಂದು ಹಳೆಯದಕ್ಕೆ ಸುರಿಯುವುದು ಅಲ್ಲಿಯ ರೂಢಿ. ಅವಳ ಗಂಡ ಬಂದೇಅಲಿ ಟ್ರ್ಯಾಕ್ಟರಿನಲ್ಲಿ ಒಡಕು ಕಲ್ಲು ತಂದಾಗ ಖಣಿಯ ಅಂಚಿನಲ್ಲಿ ಲುಂಬಿನಿ ನಿಂತಿದ್ದಳು. ಅವಳು ವಾಡಿಯವಳು. ಸ್ವಯಂಸೇವಕಿಯಾಗಿ ಹಕ್ಕಿಗಳ ಗೂಡು ಗಮನಿಸಿ ಅರಣ್ಯ ಇಲಾಖೆಗೆ ತಿಳಿಸುತ್ತಾಳೆ.

“ಚಾಚಾ, ನಿಂದರ್ರಿ! ಇಲ್ಲಿ ಸುರೀಬ್ಯಾಡ್ರಿ. ಕೆಳಗ ಗೂಬಿ ಮರಿ ಅದಾವ.”

“ಗೂಬಿ?” ಬುತ್ತಿ ತಂದಿದ್ದ ಹಮೀದಾಬಿ ಹೌಹಾರಿದಳು. “ಹಂಗಾದ್ರ ಮೊದಲ ಸುರೀರಿ! ದಿನಾ ಸಂಜಿಗಿ ಕೂಗ್ತದ. ಗೂಬಿ ಕೂಗಿದ್ರ ಮನ್ಯಾಗ ಹೆಣ ಬೀಳ್ತದಂತ.”

“ನಮ್ಮ ಮನಿಯವರು ತೀರಿಕೊಂಡಾಗ ಯಾವ ಗೂಬಿನೂ ಕೂಗಿರ್ಲಿಲ್ರಿ, ಖಾಲಾ.”

ಲುಂಬಿನಿ ಖಣಿಯ ಅಂಚಿನಲ್ಲಿ ಸಿಕ್ಕ ಬೂದುಬಣ್ಣದ ಒಂದು ಉಂಡೆಯನ್ನು ಕಾಗದದ ಮೇಲಿಟ್ಟಳು.

“ಏನದು, ಹಿಕ್ಕಿ?”

“ಅಲ್ರಿ. ಗೂಬಿ ನುಂಗಿದ್ದರಾಗ ಅರಗಲಾರದ್ದು ಹಿಂಗ ಉಂಡಿಯಾಗಿ ಹೊರಗ ಕಾರ್ತದ. ಕಡ್ಡೀಲೆ ಬಿಡಿಸಿ ನೋಡ್ರಿ.”

“ಛೀ, ನಾ ಒಲ್ಲೆವ್ವಾ!” ಎನ್ನುತ್ತಲೇ ಹಮೀದಾಬಿ ಕುಕ್ಕರುಗಾಲಲ್ಲಿ ಕುಳಿತಳು. ಕೆದಕಿದಳು. ಕೂದಲು. ಸಣ್ಣ ಎಲುಬು. ಆಮೇಲೆ ಉದ್ದ ಹಲ್ಲಿನ ಪುಟ್ಟ ಬುರುಡೆ.

“ಯಾ ಅಲ್ಲಾ, ಇಲಿ! ಇಲ್ನೋಡ್ರಿ, ಇನ್ನೊಂದದ!”

“ನಮ್ಮ ತೊಗರಿ ತಿಂದವ ಇರ್ಬೇಕು,” ಬಂದೇಅಲಿ ಬಗ್ಗಿ ನೋಡಿದ.

“ನೀವು ಬಡಿಗಿ ಹಿಡ್ಕೊಂಡು ತಿರುಗಿದ್ರಲ್ಲ, ಒಂದಾದ್ರೂ ಹೊಡದೀರೇನು?” ಎಂದು ಗಂಡನಿಗೆ ಕುಟುಕಿ, ಅವಳು ಲುಂಬಿನಿಯತ್ತ ತಿರುಗಿದಳು. “ಮರಿ ಎಲ್ಲವ? ನನಗೂ ತೋರ್ಸು.”

“ಇಲ್ಲಿಂದಾನ ನೋಡ್ರಿ. ಹತ್ತಿರ ಹೋದ್ರ ತಾಯಿ ಅಂಜಿ ಗೂಡ ಬಿಡ್ತದ.” ಲುಂಬಿನಿ ದುರ್ಬೀನು ಕೊಟ್ಟಳು.

ಮೊದಲು ಬರೀ ಕಲ್ಲು ಕಂಡಿತು. ಆಮೇಲೆ ಆ ಕಲ್ಲು ಕಣ್ಣು ಪಿಳುಕಿಸಿತು. ಹಮೀದಾಬಿ ಬಹಳ ಹೊತ್ತು ದುರ್ಬೀನು ಕೆಳಗಿಳಿಸಲಿಲ್ಲ.

“ಈ ಕಲ್ಲು ಎಲ್ಲಿ ಹಾಕ್ಲಿ ಈಗ?” ಬಂದೇಅಲಿ ಕೇಳಿದ.

“ಹೊಲದ ದಾರ್ಯಾಗ ತಗ್ಗು ಭಾಳ ಬಿದ್ದಾವ. ಅಲ್ಲಿ ಹಾಕ್ರಿ. ಸಾವಕಾಶ ತಿರುಗಸ್ರಿ, ಮರಿ ಅಂಜ್ತಾವ,” ಎಂದಳು ಹಮೀದಾಬಿ.

ಟ್ರ್ಯಾಕ್ಟರ್ ತಿರುಗಿತು.

ಓದುವವರೇ, ಕೇಳುವವರೇ, ನಿಮ್ಮೂರಲ್ಲೂ ಬಿಟ್ಟ ಖಣಿ ಇರಬಹುದು. ಕಲ್ಲು ಸುರಿಯುವ ಮೊದಲು ಅಂಚಿನಿಂದಲೇ ನೋಡಿ. ಗೂಡು ಕಂಡರೆ ಮುಟ್ಟಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಹೊಲದಲ್ಲಿ ಇಲಿ ಪಾಷಾಣ ಇಡಬೇಡಿ. ಅದನ್ನು ತಿಂದ ಇಲಿಯನ್ನು ತಿಂದರೆ ಗೂಬೆಯೂ ಸಾಯುತ್ತದೆ. ಗೂಡು ಕಾಯುವ ಸ್ವಯಂಸೇವಕರೊಡನೆ ನೀವೂ ಸೇರಿ. ನೋಡುವ ಮನಸ್ಸಿದ್ದರೆ ಸಾಕು, ಉಳಿದದ್ದನ್ನು ಅವರು ಕಲಿಸುತ್ತಾರೆ.