ದಾನವ್ವನ ನಾಲ್ಕನೆಯ ಗುಟುಕು

೧
ಕಥೆಯನ್ನು ಕತ್ತಿನ ಎರಡನೆಯ ಮೂಳೆಯಿಂದ ಶುರು ಮಾಡಲೇ, ಏಳನೆಯದರಿಂದಲೇ? ಕೆಲಸದಲ್ಲಾದರೆ ಈ ತೊಂದರೆಯಿಲ್ಲ. ಎರಡಕ್ಕೂ ಒಂದೊಂದು ಗೆರೆ ಎಳೆದು, ನಡುವಿನ ಕೋನ ಅಳೆದರಾಯಿತು. ನುಂಗುವಾಗ ಕತ್ತಿನ ಮೂಳೆಸಾಲು ಎಷ್ಟು ಬಾಗಿರುತ್ತದೆ ಎಂಬುದು ನಮ್ಮ ಸಂಶೋಧನೆ. ಎಕ್ಸ್-ರೇ ವಿಡಿಯೋದಿಂದ ಚಿತ್ರ ಆರಿಸಿ ಅಳೆಯುವವಳು ನಾನು.

(ಮೊದಲ ಕರಡಿನಲ್ಲಿ ಕುರ್ಲಾ ಸ್ಟೇಷನ್ನಿನ ನೂಕುನುಗ್ಗಲಿತ್ತು. ತೆಗೆದೆ. ಮುಂಬಯಿ ಕಥೆಗೆ ಲೋಕಲ್ ಟ್ರೇನ್ ಕಡ್ಡಾಯವೇನಲ್ಲ.)

೨
ಪಾತ್ರ: ದಾನವ್ವ. ಅರವತ್ತೆಂಟು ವರ್ಷ, ವಿಜಯಪುರದ ಕಡೆಯವಳು, ಮನೆ ಇಲ್ಲಿಯ ಭಾಂಡುಪ್‌ನಲ್ಲಿ. ಪಾರ್ಶ್ವವಾಯು ಬಡಿದು ಮೂರು ತಿಂಗಳು. ಅಂದಿನಿಂದ ಊಟವೆಲ್ಲ ಮೂಗಿನ ನಳಿಗೆಯಲ್ಲಿ. ನುಂಗುವುದು ಸರಿಯಿದೆ ಎಂದಾದರೆ ನಳಿಗೆ ತೆಗೆಯುತ್ತಾರೆ.

"ಅಜ್ಜಿ, ನೇರ ನೋಡಿ. ಈಗ ನುಂಗಿ."

"ಅಜ್ಜಿ ಅನಬ್ಯಾಡ, ಆಯಿ ಅನ್ನು. ಮತ್ತ ಇದೇನವಾ, ಸುಣ್ಣ ಕಲಸೀರೇನು?"

ಸುಣ್ಣವಲ್ಲ, ಬೇರಿಯಂ. ಎಕ್ಸ್-ರೇಯಲ್ಲಿ ಬಿಳಿಯಾಗಿ ಕಾಣುತ್ತದೆ. ನಾನು ಕೊಟ್ಟ ಮೂರು ಚಮಚಗಳಲ್ಲೂ ಆ ಬಿಳಿ ಅನ್ನನಾಳದ ದಾರಿ ಬಿಟ್ಟು ಶ್ವಾಸನಾಳದ ಕಡೆ ಇಣುಕಿತು. ನಾಲ್ಕನೆಯದಕ್ಕೆ ದಾನವ್ವ ಚಮಚ ಕಿತ್ತುಕೊಂಡು, ಪ್ರಸಾದದಂತೆ ಕಣ್ಣಿಗೊತ್ತಿಕೊಂಡು, ತಲೆ ಬಾಗಿಸಿ ಹಾಗೆಯೇ ನುಂಗಿದಳು.

ತಲೆ ನೇರವಿಲ್ಲದ ಗುಟುಕು ಅಳತೆಗೆ ಬಾರದು. ನಾನು ನೋಡಿದ್ದು ಮೂಳೆ ಮಾತ್ರ. ರಿಜೆಕ್ಟ್ ಫೋಲ್ಡರಿಗೆ ಹಾಕಿದೆ. ಉಳಿದ ಮೂರನ್ನು ನೋಡಿ ನಮ್ಮ ಡಾಕ್ಟರ್ ವಂದನಾ ಮೇಡಂ ಬರೆದರು: ನಳಿಗೆ ಇರಲಿ.

೩
ಮುಕ್ತಾಯ, ಮೊದಲ ಪ್ರಯತ್ನ: ದಾನವ್ವ ಮಾಟುಂಗದ ಹೋಟೆಲಿನಲ್ಲಿ ಕೂತು ಮಸಾಲೆ ದೋಸೆ ತಿನ್ನುತ್ತಾಳೆ.

"ದ್ವಾಸಿ ಯಾರಿಗ ಬೇಕ?" ಪಾತ್ರ ತಕರಾರು ತೆಗೆಯಿತು. "ರೊಟ್ಟಿ ಬರಿ. ಹಾಲಾಗ ಮುರದ ಹಾಕಿದ್ದು."

"ಕಥೆ ನನ್ನದು, ಆಯಿ."

"ಗಂಟಲಾ ನಂದು. ಮತ್ತ, ನಿನ್ನ ಕಥಿಯೊಳಗ ನಿನ್ನ ಗಂಡ ಎಲ್ಲಿ?"

(ತೀರಿಹೋಗಿ ಹದಿನಾಲ್ಕು ತಿಂಗಳು. ಈ ಕಥೆಗೆ ಬೇಕಿಲ್ಲ.)

"ಹಂಗಾರ ನನ್ನನ್ನರ ಪೂರ್ತಿ ನೋಡು."

ಮತ್ತೆ ೩
ನೋಡಿದೆ. ಸೋಮವಾರ ರಿಜೆಕ್ಟ್ ಫೋಲ್ಡರ್ ತೆರೆದು, ಈ ಸಲ ಮೂಳೆ ಬಿಟ್ಟು ಬಿಳಿಯ ಬೆನ್ನು ಹತ್ತಿದೆ. ನಾಲ್ಕನೆಯ ಗುಟುಕು ಎಲ್ಲೂ ಇಣುಕದೆ, ಸೀದಾ ಅನ್ನನಾಳಕ್ಕೆ ಇಳಿದಿತ್ತು. ಲ್ಯಾಪ್‌ಟಾಪ್ ಎತ್ತಿಕೊಂಡು ಮೇಡಂ ಕೋಣೆಗೆ ಹೋದೆ.

"ಇದನ್ನ ರಿಜೆಕ್ಟ್ ಯಾರು ಮಾಡಿದ್ದು?"

"ನಾನೇ ಮೇಡಂ. ತಲೆ ಬಾಗಿತ್ತು."

"ಅರೇ ಯಾರ್, ಬಾಗಿದ್ದಕ್ಕೇ ಸರಿ ಇಳಿದಿದೆ ನಾ! ಆದ್ರೆ ಒಂದು ಗುಟುಕು ನಂಬಿ ನಳಿಗೆ ತೆಗೆಯಕ್ಕಾಗಲ್ಲ. ಗುರುವಾರ ಕರೆಸು. ಬಾಗಿಸಿಯೇ ರಿಪೀಟ್ ಮಾಡೋಣ."

(ಇದಾದ ಮೇಲೆ ನಾನು ಬೈಸಿಕೊಳ್ಳುವ ಒಂದು ಪ್ಯಾರಾ ಇತ್ತು. ಲೇಖಕಿಯ ಅಧಿಕಾರ ಬಳಸಿ ತೆಗೆದಿದ್ದೇನೆ.)

೪
ದಾನವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ತಪ್ಪು ನನ್ನದೆಂಬುದನ್ನೂ.

"ಗುರುವಾರ ಏನ ತಿನಸ್ತಿ?"

"ಅದೇ ಬಿಳಿ ಪೇಸ್ಟು, ಆಯಿ."

"ಒಂದ ಚಿಟಿಕಿ ಉಪ್ಪರ ಹಾಕವಾ. ಮೂರ ತಿಂಗಳಾತು."

ನಳಿಗೆ ಹೋಯಿತೋ ಉಳಿಯಿತೋ ಎಂದು ನೀವು ಕೇಳುತ್ತೀರಿ. ಎರಡನ್ನೂ ಬರೆಯಬಲ್ಲೆ, ಯಾವುದನ್ನು ಬರೆದರೂ ನೀವು ನಂಬಿಬಿಡುತ್ತೀರಿ. ಅದಕ್ಕೇ ಬರೆಯುತ್ತಿಲ್ಲ. ಇವತ್ತು ಮಂಗಳವಾರ. ಉಪ್ಪು ಹಾಕಬಹುದೇ ಎಂದು ಮೇಡಂ ಅವರನ್ನು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಪೊಟ್ಟಣ ಕೊಂಡು ತಂದಿದ್ದೇನೆ.