ವ್ಯಾನು ಕೊಡಲು ವಾರವೇ ಸಿಗಲಿಲ್ಲ

ಹದಿನಾಲ್ಕು ವರ್ಷದ ಹಳೇ ವ್ಯಾನನ್ನು ತಿಕೋಟಾದ ಶಾಲೆಗೆ ದಾನ ಕೊಡುತ್ತೇನೆಂದು ಮಾತು ಕೊಟ್ಟಾಗ, ವಾರಕ್ಕೆ ಏಳು ದಿನಗಳಿರುತ್ತವೆ ಎಂದೇ ಶಾಂಭವಿ ನಂಬಿದ್ದಳು.

ಅವಳು ತಿಕೋಟಾದ ಆಸ್ಪತ್ರೆಯಲ್ಲಿ ನರ್ಸು. ಆಸ್ಪತ್ರೆಯ ಹಿಂದೆಯೇ ಮುಮತಾಜ ಟೀಚರು ನಡೆಸುವ, ನಡೆಯಲು ಕಷ್ಟಪಡುವ ಮಕ್ಕಳ ಪುಟ್ಟ ಶಾಲೆ. ಮಕ್ಕಳನ್ನು ತರುತ್ತಿದ್ದ ಜೀಪು ಕೆಟ್ಟು ನಿಂತು ತಿಂಗಳಾಗಿತ್ತು. ತೊರವಿ ಕಡೆಯ ಐದು ಮಕ್ಕಳು ಮನೆಯಲ್ಲೇ ಕೂತಿದ್ದರು. ಇತ್ತ ವಿಜಯಪುರದಲ್ಲಿ, ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ, ಶಾಂಭವಿಯ ಗಂಡ ಸತೀಶಕುಮಾರ ಹೊಸ ಕಾರು ತಂದಿದ್ದ. ಎರಡು ಗಾಡಿ ನಿಲ್ಲಿಸಲು ಜಾಗವಿಲ್ಲ. ಎದುರುಮನೆಯ ನೀಲಾಬಾಯಿ ದಿನಾ ಬೆಳಿಗ್ಗೆ ಬಂದು, ತನ್ನ ರಂಗೋಲಿಯ ಮೇಲೆ ಇವತ್ತು ಯಾವ ಟೈರು ನಿಂತಿದೆಯೆಂದು ವರದಿ ಒಪ್ಪಿಸಿ ಹೋಗುತ್ತಿದ್ದಳು. ಬರುವ ಸೋಮವಾರದಿಂದ ಮಕ್ಕಳು ವ್ಯಾನಿನಲ್ಲೇ ಬರಲಿ ಎಂದು ಶಾಂಭವಿ ಟೀಚರಿಗೆ ಹೇಳಿಬಿಟ್ಟಳು.

ತೊಡಕೆಂದರೆ, ವ್ಯಾನು ಇದ್ದದ್ದು ಅತ್ತೆ ಪರಸವ್ವನ ಹೆಸರಿನಲ್ಲಿ. ಬಾಗಿಲಿಗೆ ಲಕ್ಷ್ಮಿ ಬಂದಳೆಂದು ಮಾವ ಹೆಂಡತಿಯ ಹೆಸರಿಗೇ ಮಾಡಿಸಿ ಹೋಗಿದ್ದರು. ಹೆಸರು ಬದಲಿಸುವ ಫಾರಮ್ಮಿಗೆ ಅವಳ ಸಹಿ ಬೇಕು. ಆ ವ್ಯಾನಿನ ಪಕ್ಕದ ಜಾರುವ ಬಾಗಿಲಿನಿಂದಲೇ ಪರಸವ್ವ ಪ್ರತಿ ಸಂತೆಯ ದಿನ ಹತ್ತಿ ಬಬಲೇಶ್ವರದ ತಂಗಿ ಮಾಳವ್ವನ ಮನೆಗೆ ಹೋಗಿಬರುತ್ತಿದ್ದಳು. ಹೊಸ ಕಾರು ಬಂದಮೇಲೆ ಸತೀಶ ಕಾರನ್ನೇ ತೆಗೆಯುತ್ತಿದ್ದ, ಅವಳು ಒಮ್ಮೆಯೂ ಹೋಗಿರಲಿಲ್ಲ. ಡ್ಯೂಟಿ, ಅಡುಗೆ, ಎರಡು ಮಕ್ಕಳ ಹೋಂವರ್ಕು ಇವುಗಳ ನಡುವೆ ಶಾಂಭವಿ ಅದನ್ನು ಗಮನಿಸಿರಲಿಲ್ಲ.

ಪರಸವ್ವ ಬೇಡವೆನ್ನಲಿಲ್ಲ. ದಾನ ಒಳ್ಳೆಯದೇ, ಛಲೋ ವಾರ ನೋಡಿ ಕೊಡೋಣ ಎಂದಳು.

ಮಾತು ಕೊಟ್ಟ ದಿನವೇ, ಸೋಮವಾರ, ಶಾಂಭವಿ ಫಾರಂ ತಂದಳು. ಸೋಮವಾರ ಬಸವಣ್ಣನ ವಾರ, ಎತ್ತಿಗೇ ನೊಗ ಹೂಡದ ದಿನ ಗಾಡಿಯನ್ನು ಮನೆಯಿಂದ ಹೊರಗೆ ಹಾಕುವುದುಂಟೆ ಎಂದಳು ಪರಸವ್ವ. ಮಂಗಳವಾರ ಲಕ್ಷ್ಮಿ ಹೊಸ್ತಿಲು ದಾಟುವುದಿಲ್ಲ. ಬುಧವಾರ ಅಮಾವಾಸ್ಯೆ. ಗುರುವಾರ ಪಾಡ್ಯ, ಪಾಡ್ಯದಂದು ಕೊಟ್ಟ ವಸ್ತು ತಗೊಂಡವರಿಗೆ ಬಾಳಿಕೆ ಬರುವುದಿಲ್ಲ. ಶುಕ್ರವಾರ ಮತ್ತೆ ಲಕ್ಷ್ಮಿ. ಭಾನುವಾರ ಹೇಗೆ ಎಂದು ಶಾಂಭವಿ ಮುಂಚಿತವಾಗಿಯೇ ಕೇಳಿದ್ದಕ್ಕೆ, ಸರ್ಕಾರಕ್ಕೇ ಸೂಟಿ ಇರುವ ದಿನ ಸರ್ಕಾರಿ ಕಾಗದಕ್ಕೆ ಸಹಿ ಹಾಕುವುದು ತಪ್ಪಲ್ಲವೇ ಎಂದಳು. ಸರ್ಕಾರದ ಮೇಲೆ ಅವಳಿಗಿದ್ದ ಈ ಭಕ್ತಿ ಮನೆಯವರಿಗೆಲ್ಲ ಹೊಸದು.

ಉಳಿದದ್ದು ಶನಿವಾರ. ಶಾಂಭವಿ ತಯಾರಾಗಿದ್ದಳು. ಶನಿವಾರ ಕಬ್ಬಿಣ ಕೊಳ್ಳಬಾರದೇ ಹೊರತು ದಾನ ಕೊಡುವುದು ಶ್ರೇಷ್ಠವೆಂದು ಆಸ್ಪತ್ರೆಯಲ್ಲಿ ಮೂರು ಜನರನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಬೆಳಿಗ್ಗೆ ಚಹಾದ ಜೊತೆ ಫಾರಮ್ಮನ್ನೂ ಇಟ್ಟಳು.

ಪರಸವ್ವ ಚಹಾ ಮಾತ್ರ ಎತ್ತಿಕೊಂಡಳು. “ಕೊಡಾವರಿಗೆ ಛಲೋ ಬೇ. ತಗೊಳ್ಳಾವರಿಗೆ? ನಮ್ಮ ಮನಿ ಶನಿ ಕಳಕೊಂಡು ಆ ಕೂಸುಗಳ ತಲಿ ಮ್ಯಾಲೆ ಹಾಕಲೇನು?”

ಮಕ್ಕಳು ಬರಬೇಕಾದ ಸೋಮವಾರಕ್ಕೆ ಎರಡೇ ದಿನ. ಶಾಂಭವಿ ಟೀಚರಿಗೆ ಫೋನು ಹಚ್ಚಿ, ಸಂಗತಿ ಹೇಳಿ, ಸ್ಪೀಕರಿಗೆ ಹಾಕಿದಳು.

“ಆಯಿ, ನಮ್ಮಲ್ಲಿ ಶನಿವಾರಕ್ಕ ಏನೂ ಲೆಕ್ಕ ಇಲ್ಲರಿ,” ಎಂದಳು ಮುಮತಾಜ. “ನಿಮ್ಮ ಶನಿದೇವರಿಗೆ ನಮ್ಮ ಗುರುತ ಇಲ್ಲ. ಚಾವಿ ನಾ ನನ್ನ ಕೈಯಾಗ ತಗೋತೀನಿ, ಕೂಸುಗಳಿಗೆ ಬರೇ ಗಾಡಿ ಹೋಗತೈತಿ.”

ಪರಸವ್ವ ಫೋನು ಬಂದ್ ಮಾಡಲು ಸನ್ನೆ ಮಾಡಿದಳು. ವಾರಗಳು ಮುಗಿದಿದ್ದವು. ಬಟ್ಟಲು ಕೆಳಗಿಟ್ಟು, ದನಿ ಇಳಿಸಿ ಹೇಳಿದಳು: “ಆ ಹೊಸಾ ಕಾರು ನೆಲಕ್ಕ ಕುಂತೈತಿ. ಏರಾಕ ನೀ ದೂಡಬೇಕು, ಇಳಿಯಾಕ ಸತೀಶ ಎಳೀಬೇಕು. ಮಾಳವ್ವನ ಓಣ್ಯಾಗ ಹತ್ತು ಮಂದಿ ನೋಡ್ತಾರ. ಈ ವ್ಯಾನ ಹೋತಂದ್ರ ನಾ ಬಬಲೇಶ್ವರಕ್ಕ ಹೋಗೂದು ಮುಗೀತು.”

ಒಂದು ವಾರ ಅತ್ತೆಯ ಪಂಚಾಂಗದೊಂದಿಗೆ ಜಗಳವಾಡಿದ ಶಾಂಭವಿಗೆ, ಅತ್ತೆಗೆ ಮೊಣಕಾಲು ನೋವಿನ ಮಾತ್ರೆಯನ್ನು ದಿನಾ ಕೊಡುತ್ತಿರುವವಳು ತಾನೇ ಎಂಬುದು ಆಗ ನೆನಪಾಯಿತು. ನರ್ಸಿಗೆ ಇದಕ್ಕಿಂತ ನಾಚಿಕೆ ಬೇರೆ ಇರಲಿಲ್ಲ. ಫಾರಮ್ಮನ್ನು ಮಡಚಿ, “ಇರಲಿ ಬಿಡ್ರಿ ಅತ್ತಿ, ಟೀಚರಿಗೆ ನಾನಾ ಹೇಳ್ತೀನಿ,” ಎಂದಳು.

“ಏನಂತ ಹೇಳ್ತಿ? ಮುದುಕಿಗೆ ತಂಗಿ ಮನಿ ಬೇಕಾಗೇತಿ, ನೀವು ಮನ್ಯಾಗ ಕುಂಡ್ರರಿ ಅಂತನೇನು? ತಾ ಇಲ್ಲೆ.” ಕಿತ್ತುಕೊಂಡು ಸಹಿ ಹಾಕಿದಳು. ಕಡೆಯ ಅಕ್ಷರ ಗೆರೆ ದಾಟಿ ಮೇಜಿನ ಮೇಲೂ ಹೋಯಿತು. ಒಂದೇ ಷರತ್ತು: ತಿಕೋಟಾದವರೆಗೆ ವ್ಯಾನಿನಲ್ಲಿ ತಾನೇ ಕೂತು ಹೋಗುವುದು.

ಅದೇ ದಿನ ಸತೀಶ ವ್ಯಾನು ನಡೆಸಿದ, ಶಾಂಭವಿ ಹಿಂದೆ ಕಾರಿನಲ್ಲಿ ಬಂದಳು. ತೊರವಿಯಲ್ಲಿ, ಟೀಚರು ತಿಳಿಸಿದ್ದಂತೆ, ಮನೆಯಲ್ಲಿ ಕೂತಿದ್ದ ಐವರಲ್ಲಿ ಒಬ್ಬಳಾದ ಸಾನಿಯಾ ಎಂಬ ಹತ್ತು ವರ್ಷದ ಹುಡುಗಿ ಹತ್ತಿದಳು. ಎರಡೂ ಕಾಲಿಗೆ ಕಬ್ಬಿಣದ ಪಟ್ಟಿ, ಕೈಯಲ್ಲಿ ಊರುಗೋಲು. ಬಾಗಿಲ ಪಕ್ಕದ ಹಿಡಿಕೆ ಯಾವುದು ಗಟ್ಟಿ, ಯಾವುದು ಸಡಿಲ ಎಂದು ಪರಸವ್ವ ದಾರಿಯುದ್ದಕ್ಕೂ ಅವಳಿಗೆ ತಿಳಿಸಿ ಹೇಳಿದಳು. ಶಾಲೆಯ ಅಂಗಳದಲ್ಲಿ ಚಾವಿಯನ್ನು ಟೀಚರ ಅಂಗೈಗೇ ಹಾಕಿದಳು, ಮಕ್ಕಳ ಕೈ ಸೋಕದಂತೆ.

ಆಮೇಲೆ ಬಂತು ಹೊಸ ಕಾರಿನ ಸರದಿ. ಪರಸವ್ವ ತಲೆ ಒಳಗೆ ಹಾಕಿದಳು, ಒಂದು ಕಾಲು ಹಾಕಿದಳು, ಅಲ್ಲಿಗೆ ನಿಂತಳು. ಶಾಂಭವಿ ದೂಡಲು ಮುಂದಾದಳು. ಇದನ್ನೆಲ್ಲ ಮೇಸ್ತ್ರಿ ಗೋಡೆ ನೋಡುವಂತೆ ನೋಡುತ್ತಿದ್ದ ಸಾನಿಯಾ ಹತ್ತಿರ ಬಂದಳು.

“ತಲಿ ಮೊದಲ ಹಾಕಬ್ಯಾಡ್ರಿ ಆಯಿ. ಬೆನ್ನ ತಿರುಗಿಸಿ ಕುಂಡ್ರರಿ. ಕಾಲು ಆಮ್ಯಾಲೆ ಬರ್ತಾವ, ಅವಕ್ಕೇನು ಅವಸರ?”

ಪರಸವ್ವ ಹೊರಗೆ ಬಂದು ಬೆನ್ನು ತಿರುಗಿಸಿ ಕೂತಳು. ಕಾಲುಗಳು ಒಂದರ ಹಿಂದೆ ಒಂದು ಬಂದವು. ಯಾರೂ ದೂಡಿರಲಿಲ್ಲ. ಇಳಿಯುವುದು ಹೇಗೆಂದು ಕೇಳಿದಳು. ಮೊದಲು ಎರಡೂ ಪಾದ ಹೊರಗೆ ನೆಲಕ್ಕೆ, ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಏಳುವುದು ಎಂದಳು ಸಾನಿಯಾ. ಒಮ್ಮೆಗೆ ಬಿಡಲಿಲ್ಲ, ಮೂರು ಸಲ ಹತ್ತಿಸಿ ಇಳಿಸಿದಳು. ಎರಡನೇ ಸಲ ಸೆರಗು ಬಾಗಿಲಿಗೆ ಸಿಕ್ಕಿದ್ದಕ್ಕೆ ಬೈದಳು ಕೂಡ.

ಸತೀಶ ಗಾಡಿಯನ್ನು ವಿಜಯಪುರದ ಕಡೆ ತಿರುಗಿಸಿದ.

“ಎಲ್ಲಿಗೆ ಹೊಂಟಿ? ಬಬಲೇಶ್ವರಕ್ಕ ಹೊಡಿ,” ಎಂದಳು ಪರಸವ್ವ. “ಮಾಳವ್ವನ ಮನಿ ಮುಂದ ನಿಂದರಿಸು. ಬಾಗಿಲಾ ತಗ್ಯಾಕ ಬರಬ್ಯಾಡ, ದೂರ ನಿಂದರು.”

ಮನೆಯಲ್ಲಿ ತೊಳೆಯದ ಬಟ್ಟೆಯ ರಾಶಿಯಿತ್ತು, ಮಕ್ಕಳು ನೀಲಾಬಾಯಿಯ ಮನೆಯಲ್ಲಿದ್ದರು. ಶಾಂಭವಿ ಅದನ್ನು ಹೇಳಬೇಕೆಂದುಕೊಂಡು ಹಿಂದಿನ ಸೀಟಿಗೆ ತಲೆ ಆನಿಸಿದಳು. ತಿಕೋಟಾ ದಾಟುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು.