ಮಟನ್ ಅಂಗಡಿಯಲ್ಲಿ ಹುಲ್ಲಿನ ಡಬ್ಬಿ

ನಮ್ಮ ಯಜಮಾನರದು ಮಟನ್ ಅಂಗಡಿ, ಪಕ್ಕದಲ್ಲೇ ನನ್ನದು ಹೊಲಿಗೆ ಅಂಗಡಿ. ನಡುವೆ ಒಂದೇ ಗೋಡೆ. ಆ ಕಡೆ ಮಚ್ಚು ಮರದ ದಿಮ್ಮಿಯ ಮೇಲೆ ಬಿದ್ದರೆ ಈ ಕಡೆ ನನ್ನ ಗುಂಡಿಗಳ ಡಬ್ಬಿ ಗಲಗಲ ಅನ್ನುತ್ತದೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ನನಗೆ ಅದು ಕೇಳಿಸುವುದೇ ನಿಂತುಹೋಗಿದೆ. ಮಗಳಿಗೆ ಮಾತ್ರ ಕೇಳಿಸುತ್ತಲೇ ಇತ್ತು.

ಎರಡು ವರ್ಷದ ಹಿಂದೆ ಒಂದು ಭಾನುವಾರ, ಅಂಗಡಿಯ ಮುಂದೆ ಜನ ಕಿಕ್ಕಿರಿದಿದ್ದಾಗ, ಅವಳು ಸೀದಾ ಒಳಗೆ ನುಗ್ಗಿ ಗಿರಾಕಿಯೊಬ್ಬರಿಗೆ, "ಸರ್, ಆ ಕುರಿಗೂ ಒಬ್ಬಳು ಅಮ್ಮ ಇದ್ಲು," ಅಂದಳು. ಗಿರಾಕಿ ಮರ್ಯಾದಸ್ಥರು. "ಹೌದಾಮ್ಮಾ, ಪಾಪ," ಎಂದು ಹೇಳಿ ತಮ್ಮ ಒಂದು ಕೆಜಿ ತೆಗೆದುಕೊಂಡು ಹೋದರು. ಯಜಮಾನರು ಮಚ್ಚನ್ನು ಕೆಳಗಿಟ್ಟರು.

"ನಿನ್ನ ಓದಿಸಿದ್ದು ಇದೇ ಮಚ್ಚು," ಅಂದರು.

"ಓದಿದ್ದಕ್ಕೇ ಹೇಳ್ತಿರೋದು," ಅಂದಳು ಅವಳು.

ಇಬ್ಬರದೂ ಒಂದೇ ಮೂಗು, ಅದರ ತುದಿಯಲ್ಲಿ ಒಂದೇ ಸಿಟ್ಟು. ಅವತ್ತು ಸಂಜೆಯೇ ಬಟ್ಟೆ ತುಂಬಿಕೊಂಡು ಊರ ಹೊರಗಿನ ಆಶ್ರಯಧಾಮಕ್ಕೆ ಹೋದವಳು ಮತ್ತೆ ನಮ್ಮ ಹೊಸಿಲು ತುಳಿದಿರಲಿಲ್ಲ. ಆಶ್ರಯಧಾಮ ಅಂದರೆ ಅನಾಥ ಮಕ್ಕಳದಲ್ಲ. ಹಾಲು ಬತ್ತಿದ ಹಸು, ಕಾಲು ಮುರಿದ ಮೇಕೆ, ಕೆಲಸ ಬಿಟ್ಟ ಕತ್ತೆ, ಯಾರೋ ಪ್ರೀತಿಯಿಂದ ಸಾಕಿ ಗಾತ್ರ ನೋಡಿ ಹೆದರಿ ಬಿಟ್ಟುಹೋದ ಹಂದಿ, ಇವೆಲ್ಲ ಸಾಯುವವರೆಗೆ ಆರಾಮವಾಗಿ ಇರುವ ಜಾಗ. ಮಗಳು ಅಲ್ಲೇ ಮೇವಿನ ಕೋಣೆಯ ಮೇಲಿನ ಅಟ್ಟದಲ್ಲಿ ಮಲಗುತ್ತಾಳೆ. ನಾನು ವಾರಕ್ಕೊಮ್ಮೆ ಡಬ್ಬಿಯಲ್ಲಿ ಊಟ ಕಟ್ಟಿಕೊಂಡು ಹೋಗಿ ನೋಡಿಕೊಂಡು ಬರುತ್ತೇನೆ. ವಾಪಸ್ ಬಂದಾಗ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಪ್ರಾಣಿಗಳೆಲ್ಲ ಚೆನ್ನಾಗಿದಾವಂತಾ?" ಎಂದು ಕೇಳುತ್ತಾರೆ. "ಒಂದು ಸ್ವಲ್ಪ ಸೊರಗಿದೆ," ಎನ್ನುತ್ತೇನೆ ನಾನು. ಅಷ್ಟಕ್ಕೆ ಮಾತು ಮುಗಿಯುತ್ತದೆ.

ನೇರವಾಗಿ ಹೇಳಿಬಿಡುತ್ತೇನೆ. ನನಗೆ ಕುರಿಯ ಮೇಲೆ ವಿಶೇಷ ಮಮತೆಯಿಲ್ಲ, ಮಟನ್ ಮೇಲೂ ಇಲ್ಲ. ನನಗೆ ಬೇಕಾಗಿದ್ದದ್ದು ನನ್ನ ಮಗಳು ಮನೆಗೆ ಬರುವುದು. ಬೆಳಿಗ್ಗೆ ಎದ್ದರೆ ಅದೇ ಯೋಚನೆ, ಬಟ್ಟೆ ಕತ್ತರಿಸುವಾಗಲೂ ಅದೇ ಯೋಚನೆ. ಆ ಎರಡು ವರ್ಷದಲ್ಲಿ ನಾನು ಹಾಳು ಮಾಡಿದ ಕೋಟುಗಳಿಗೆ ಲೆಕ್ಕವಿಲ್ಲ.

ಈ ಸಲ ಮಳೆ ಕೈಕೊಟ್ಟು ಹುಲ್ಲಿಗೆ ಬರ ಬಂತು. ಚಳಿಗಾಲದಲ್ಲಿ ಮೈದಾನ ಒಣಗಿಹೋದರೆ ಮೇಯಲು ಏನೂ ಸಿಗುವುದಿಲ್ಲ. ಒಣಹುಲ್ಲು ಮೊದಲೇ ತಂದು ಪೇರಿಸಬೇಕು. ಹುಲ್ಲಿನ ವ್ಯಾಪಾರಿ, "ಮೊದಲು ದುಡ್ಡು, ಆಮೇಲೆ ಲಾರಿ," ಅಂದುಬಿಟ್ಟ. ಹುಲ್ಲು ಸಿಗದಿದ್ದರೆ ಅರ್ಧ ಪ್ರಾಣಿಗಳನ್ನು ಬೇರೆಯವರಿಗೆ ಕೊಡಬೇಕು, ಬೇರೆಯವರು ಅಂದರೆ ಯಾರು ಎಂದು ಎಲ್ಲರಿಗೂ ಗೊತ್ತು. ಅದಕ್ಕೆ ಆಶ್ರಯಧಾಮ ನಡೆಸುವ ನಿವೃತ್ತ ಮೇಷ್ಟ್ರು ಒಂದು ಉಪಾಯ ಮಾಡಿದರು. ಹಾಲಿನ ಪುಡಿಯ ಖಾಲಿ ಡಬ್ಬಿಗಳಿಗೆ ಸೀಳು ಕೊರೆದು, ಮೇಲೆ ಒಂದು ಟಗರಿನ ಫೋಟೋ ಅಂಟಿಸಿ, "ನನಗೂ ಒಂದು ಹಿಡಿ ಹುಲ್ಲು" ಎಂದು ಬರೆದು ಪೇಟೆಯ ಅಂಗಡಿಗಳಿಗೆಲ್ಲ ಹಂಚಿದರು. ಯಾರ ಡಬ್ಬಿ ಎಲ್ಲಕ್ಕಿಂತ ಭಾರವೋ ಅವರು ಆ ಟಗರಿಗೆ ಹೆಸರಿಡಬಹುದು, ಕೊಟ್ಟಿಗೆಯ ಹಲಗೆಯ ಮೇಲೆ ತಮ್ಮ ಕೈಯಾರೆ ಬಣ್ಣದಲ್ಲಿ ಬರೆಯಬಹುದು. ಅಲ್ಲಿ ಮೊದಲಿನಿಂದಲೂ ಅದೇ ಪದ್ಧತಿ. ಹೀಗಾಗಿ ಅಲ್ಲಿನ ಒಂದು ಹಸುವಿನ ಹೆಸರು ಔಷಧಿ ಅಂಗಡಿಯವರ ತೀರಿಹೋದ ಅತ್ತೆಯದು.

ಆ ಟಗರು ಸಂತೆಯ ಲಾರಿಯಿಂದ ರಸ್ತೆಗೆ ಉರುಳಿ ಬದುಕಿಕೊಂಡದ್ದು. ಲಾರಿ ಯಾರ ಅಂಗಡಿಗೆ ಹೊರಟಿತ್ತು ಎಂದು ಆಶ್ರಯಧಾಮದಲ್ಲಿ ಯಾರೂ ವಿಚಾರಿಸಲಿಲ್ಲ. ಆ ವಾರ ಯಜಮಾನರಿಗೆ ಒಂದು ತಲೆ ಕಡಿಮೆ ಬಂದಿತ್ತು. ಡ್ರೈವರನ ಜೊತೆ ಜಗಳವಾಡಿ, ಆಮೇಲೆ ಸುಮ್ಮನಾಗಿದ್ದರು.

ಮಗಳು ನನಗೂ ಒಂದು ಡಬ್ಬಿ ಕೊಟ್ಟು, "ಹೊಲಿಗೆ ಅಂಗಡಿಲಿ ಇಡಮ್ಮ," ಅಂದಳು. ಇಟ್ಟೆ. ಆದರೆ ಟೈಲರ್ ಅಂಗಡಿಗೆ ಸಂತೋಷದಿಂದ ಬರುವವರು ಯಾರು? ಒಬ್ಬರಿಗೆ ತೋಳು ಬಿಗಿ, ಇನ್ನೊಬ್ಬರಿಗೆ ಹೇಳಿದ ದಿನಕ್ಕೆ ಬಟ್ಟೆ ಆಗಿಲ್ಲ. ಜಗಳಕ್ಕೆ ಬಂದವರು ಟಗರಿನ ಮುಖ ನೋಡುವುದಿಲ್ಲ. ವಾರ ಕಳೆದ ಮೇಲೆ ಅಲ್ಲಾಡಿಸಿ ನೋಡಿದರೆ ಒಳಗೆ ಒಂದು ಗುಂಡಿ ಸದ್ದು ಮಾಡಿತು, ಅದೂ ನನ್ನದೇ. ಮಗಳ ಮುಂದೆ ಬರಿಗೈಯಲ್ಲಿ ನಿಲ್ಲುವುದು ಹೇಗೆ? ಯಜಮಾನರು ಕಾಫಿಗೆ ಹೋದಾಗ ಡಬ್ಬಿ ಎತ್ತಿಕೊಂಡು ಹೋಗಿ ಅವರ ತಕ್ಕಡಿಯ ಪಕ್ಕದಲ್ಲಿ ಇಟ್ಟುಬಂದೆ. ಯೋಚಿಸಿ ಮಾಡಿದ್ದಲ್ಲ. ಜನ ಹೆಚ್ಚು ಬರುವ ಕಡೆ ಡಬ್ಬಿ ಇಡಬೇಕು ಅನ್ನುವಷ್ಟೇ ವ್ಯಾಪಾರದ ಬುದ್ಧಿ.

ಸಂಜೆ ಯಜಮಾನರು, "ಇದೇನು?" ಅಂದರು.

"ಡಬ್ಬಿ ಕಣ್ರೀ."

"ಅದು ಕಾಣ್ತಿದೆ. ಈ ಫೋಟೋದಲ್ಲಿರೋನು ನನ್ನೇ ನೋಡ್ತಾನಲ್ಲೇ."

"ಗಿರಾಕಿ ಕಡೆ ತಿರುಗಿಸಿಡಿ."

ತಿರುಗಿಸಿಟ್ಟರು. ಅಲ್ಲಿಂದ ಶುರುವಾಯಿತು ನೋಡಿ. ಮಟನ್ ಕೊಳ್ಳಲು ಬಂದವರು ಕೈಯಲ್ಲಿ ಇನ್ನೂ ಬೆಚ್ಚಗಿರುವ ಪೊಟ್ಟಣ ಹಿಡಿದು ಚಿಲ್ಲರೆಗೆ ಕಾಯುವಾಗ ಎದುರಿಗೆ ಟಗರು. ಅದಕ್ಕೆ ಅಂಥಾ ದೊಡ್ಡ ಮುಖ, ಸುಮ್ಮನೆ ನೋಡುತ್ತದೆ, ಬೈಯುವುದಿಲ್ಲ. ಜನ ಗಂಟಲು ಸರಿಮಾಡಿಕೊಂಡು ಚಿಲ್ಲರೆಯನ್ನು ಸೀಳಿಗೆ ಹಾಕಿ ಹೊರಡುತ್ತಿದ್ದರು. ಕಾಲು ಕೆಜಿಯವರು ನಾಣ್ಯ ಹಾಕಿದರೆ, ಇಡೀ ತೊಡೆ ಕೊಂಡವರು ನೋಟು ಹಾಕುತ್ತಿದ್ದರು. ತಲೆಮಾಂಸ ಕೇಳಿದ ಒಬ್ಬರು ಜೇಬು ಪೂರ್ತಿ ಖಾಲಿ ಮಾಡಿ ಬಸ್ಸಿಗೆ ದುಡ್ಡಿಲ್ಲದೆ ನಡೆದು ಹೋದರು. ಮನಸ್ಸು ಹಗುರವಾದ ಜನ ಮರುವಾರ ಹೆಚ್ಚು ಕೊಂಡರು. ಯಜಮಾನರಿಗೆ ಇದು ಅರ್ಥವಾಗಿತ್ತು. ದಿನಾ ಬಾಗಿಲು ಹಾಕುವ ಮೊದಲು ಆ ಫೋಟೋ ಮೇಲೆ ಸಿಡಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು.

ಮೇಷ್ಟ್ರು ಕೊಟ್ಟ ಗಡುವು ಮುಗಿದ ದಿನ ಡಬ್ಬಿಯನ್ನು ಎರಡು ಕೈಯಲ್ಲಿ ಹೊತ್ತುಕೊಂಡು ಆಶ್ರಯಧಾಮಕ್ಕೆ ಹೋದೆ. ಔಷಧಿ ಅಂಗಡಿ, ಬೇಕರಿ, ಸೈಕಲ್ ಅಂಗಡಿ, ಯಾರದೂ ಹತ್ತಿರ ಸುಳಿಯಲಿಲ್ಲ. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. "ಒಬ್ಬ ತಾಯಿಯ ಹೊಲಿಗೆ ಅಂಗಡಿ!" ಎಂದು ಭಾಷಣಕ್ಕೆ ಶುರುಮಾಡಿದರು. ಮಗಳು ಮುಚ್ಚಳ ತೆಗೆದು ಒಳಗೆ ಕೈ ಹಾಕಿದವಳು ಹಾಗೇ ನಿಂತಳು. ನೋಟುಗಳಿಗೆಲ್ಲ ಕೊಬ್ಬಿನ ಜಿಡ್ಡು, ಮಾಂಸದ ವಾಸನೆ. ಅವಳು ಹುಟ್ಟಿದಾಗಿನಿಂದ ಕುಡಿದ ಗಾಳಿ ಅದು, ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ಅಮ್ಮ. ಇದನ್ನ ಎಲ್ಲಿ ಇಟ್ಟಿದ್ದೆ?"

"ಗೋಡೆ ಆ ಕಡೆ," ಅಂದೆ.

ಮಾಂಸದ ವ್ಯಾಪಾರದವರಿಂದ ಕಾಸೂ ಮುಟ್ಟಬಾರದು ಎನ್ನುವ ನಿಯಮ ಅಲ್ಲಿದೆ. ಆ ನಿಯಮ ಮಾಡಿಸಿದವಳು ನನ್ನ ಮಗಳೇ. ಮೇಷ್ಟ್ರು ಭಾಷಣವನ್ನು ಅರ್ಧಕ್ಕೆ ನುಂಗಿ, ಡಬ್ಬಿಯ ಕಡೆಗೊಮ್ಮೆ, ಖಾಲಿ ಮೇವಿನ ಕೋಣೆಯ ಕಡೆಗೊಮ್ಮೆ ನೋಡಿ, "ಹುಲ್ಲಿಗೆ ವಾಸನೆ ಗೊತ್ತಾಗಲ್ಲ ಅನ್ಸುತ್ತೆ," ಅಂದರು. ಮಗಳು ಮುಚ್ಚಳ ಒತ್ತಿ ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಳು. ನಾನು ಅವಳ ಹಿಂದೆ ಓಡಿದೆ.

ಭಾನುವಾರ ಬೇರೆ. ಅಂಗಡಿಯ ಮುಂದೆ ಸಾಲು. ಎರಡು ವರ್ಷದ ಮೇಲೆ ಆ ಅಂಗಡಿಗೆ ಬಂದವಳು ಸಾಲಿನ ಕೊನೆಯಲ್ಲಿ ನಿಂತಳು, ಅಷ್ಟು ಶಿಸ್ತು ನಾನೇ ಕಲಿಸಿದ್ದು. ಯಜಮಾನರು ಅವಳನ್ನು ನೋಡಿದರು, ನೋಡದವರ ಹಾಗೆ ಒಬ್ಬೊಬ್ಬರಿಗೇ ತೂಗುತ್ತ ಬಂದರು. ಅವಳ ಸರದಿ ಬಂತು.

"ಏನು ಕೊಡ್ಲಿ?" ಅಂದರು.

"ಏನೂ ಬೇಡ. ಇದು ವಾಪಸ್." ಡಬ್ಬಿಯನ್ನು ದಿಮ್ಮಿಯ ಮೇಲಿಟ್ಟಳು. "ನಿಮ್ಮ ದುಡ್ಡು ನಮಗೆ ಬೇಡ ಅಪ್ಪ."

"ನನ್ನದು ಒಂದು ಪೈಸೆನೂ ಇಲ್ಲ ಅದರಲ್ಲಿ. ಹಾಕಿದೋರನ್ನ ಕೇಳು."

ಹಾಕಿದವರು ಅಲ್ಲೇ ನಿಂತಿದ್ದರು. ನಮ್ಮ ಬೀದಿಯ ನರ್ಸಮ್ಮ ಚೀಲದೊಳಗೆ ಪೊಟ್ಟಣ ಇಳಿಸಿಕೊಳ್ಳುತ್ತಿದ್ದವರು ತಿರುಗಿ, "ಬೇಡ ಅಂದ್ರೆ ನಂದು ನಂಗೆ ಕೊಡಮ್ಮ, ಇನ್ನೊಂದು ಕೆಜಿ ತಗೊಂಡು ಹೋಗ್ತೀನಿ," ಅಂದರು. ವ್ಯಂಗ್ಯವೇನೂ ಇರಲಿಲ್ಲ, ಅವರ ಮನೆಗೆ ನೆಂಟರು ಬಂದಿದ್ದರು. ಹಿಂದಿನವರೂ, "ಹಂಗಾದ್ರೆ ನಂಗೂ ಒಂದರ್ಧ," ಅಂದರು. ಮಗಳು ಸುತ್ತ ನೋಡಿದಳು. ಆ ಡಬ್ಬಿ ಹಿಂತಿರುಗಿದರೆ ಎಷ್ಟು ಕುರಿಯಾಗುತ್ತದೆ ಎಂದು ಅವಳು ಮನಸ್ಸಿನಲ್ಲೇ ಕೂಡಿಸುವುದು ನನಗೆ ಕಾಣುತ್ತಿತ್ತು. ಕಟುಕನ ಮಗಳು, ಲೆಕ್ಕ ಬೇಗ ಬರುತ್ತದೆ. ಡಬ್ಬಿಯನ್ನು ಮತ್ತೆ ಎದೆಗವಚಿಕೊಂಡಳು.

"ಬರೋ ಭಾನುವಾರ ಹೆಸರಿಡೋದು," ಅಂದಳು, ಯಾರ ಮುಖವನ್ನೂ ನೋಡದೆ. "ನಿಯಮ ಅಂದ್ರೆ ನಿಯಮ. ಬರೋರು ಬರಬಹುದು."

ಮುಂದಿನ ಭಾನುವಾರ ಯಜಮಾನರು ಅಂಗಡಿಗೆ ಬೀಗ ಹಾಕಿದರು. ನಮ್ಮ ಮದುವೆಯ ದಿನ ಬಿಟ್ಟರೆ ಯಾವ ಭಾನುವಾರವೂ ಹಾಗೆ ಮಾಡಿದವರಲ್ಲ. ಮೈಯ ಚರ್ಮ ಕಿತ್ತುಬರುವ ಹಾಗೆ ಉಜ್ಜಿ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಆಶ್ರಯಧಾಮದ ಅಂಗಳದಲ್ಲಿ ಹುಲ್ಲಿನ ಲಾರಿ ಬಂದು ನಿಂತಿತ್ತು. ಮೇಷ್ಟ್ರು ಬಣ್ಣದ ಡಬ್ಬ, ಕುಂಚ ಕೊಟ್ಟು, "ಹೇಳಿ, ಏನು ಹೆಸರು?" ಅಂದರು. ಟಗರು ಹಲಗೆಯ ಹಿಂದೆ ನಿಂತು ಅವರನ್ನೇ ನೋಡುತ್ತಿತ್ತು.

ಯಜಮಾನರು ಕುಂಚವನ್ನು ಬಣ್ಣದಲ್ಲಿ ಅದ್ದಿ ಹಲಗೆಯ ಕಡೆ ಎತ್ತಿದರು. ಬಣ್ಣ ಅವರ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು.

"ನನ್ನ ಕೈಲಾಗಲ್ಲ," ಅಂದರು. "ಇಷ್ಟು ವರ್ಷದಲ್ಲಿ ಒಂದಕ್ಕೂ ಹೆಸರಿಟ್ಟಿಲ್ಲ ನಾನು. ಇದಕ್ಕೆ ಇಟ್ರೆ ನಾಳೆ ಕೊಕ್ಕೆಗೆ ನೇತುಹಾಕಿರೋದಕ್ಕೆಲ್ಲ ಒಂದೊಂದು ಹೆಸರು ಕಾಣುತ್ತೆ. ಆಮೇಲೆ ಬಾಗಿಲು ತೆಗೆಯಕ್ಕಾಗಲ್ಲ. ನಂಗೆ ಬೇರೆ ಕೆಲಸ ಬರಲ್ಲ." ಎತ್ತಿದ ಕುಂಚ ಇಳಿಸಿ ಮತ್ತೆ ಹೇಳಿದರು. "ನಂಗೇನೂ ಅನ್ಸಲ್ಲ ಅಂತ ಅಂದ್ಕೋಬೇಡಿ. ಅನ್ಸುತ್ತೆ. ಅದಕ್ಕೇ ಮುಖ ನೋಡಲ್ಲ."

ಎಲ್ಲರ ಮುಂದೆ ಹೇಳಿದರೂ ಹೇಳಿದ್ದು ಒಬ್ಬಳಿಗೆ. ಮಗಳು ಮುಂದೆ ಬಂದಳು. ಅವರ ಕೈಯಿಂದ ಕುಂಚ ತೆಗೆದುಕೊಂಡು ಡಬ್ಬದೊಳಗೆ ಇಟ್ಟಳು. "ಹಲಗೆ ಖಾಲಿನೇ ಇರ್ಲಿ," ಎಂದು ಮೇಷ್ಟ್ರಿಗೆ ಹೇಳಿದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಲಾರಿ ಇಳಿಸೋಕೆ ಜನ ಸಾಲ್ತಿಲ್ಲ," ಅಂದಳು.

ಯಜಮಾನರು ತೋಳು ಮಡಿಸಿದರು. ಅರ್ಧ ಕುರಿಯನ್ನು ಹೊತ್ತು ಬರುವ ಭಂಗಿಯಲ್ಲೇ ಹುಲ್ಲಿನ ಪೆಂಡಿಯನ್ನು ಹೆಗಲಿಗೇರಿಸಿ ಕೊಟ್ಟಿಗೆಯೊಳಗೆ ನಡೆದರು. ಹಸು, ಮೇಕೆ, ಕತ್ತೆ ಎಲ್ಲವೂ ಒಟ್ಟಿಗೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡವು. ಎಷ್ಟು ಉಜ್ಜಿದರೇನು, ಪ್ರಾಣಿಗಳ ಮೂಗಿಗೆ ಸೋಪಿನ ಮೋಸ ನಡೆಯುವುದಿಲ್ಲ. ಯಜಮಾನರು ಪೆಂಡಿ ಹೊತ್ತು ನಡುವೆ ನಿಂತುಬಿಟ್ಟರು. ಅಂಥ ಮುಖವನ್ನು ನಾನು ಅವರಲ್ಲಿ ಯಾವತ್ತೂ ಕಂಡಿರಲಿಲ್ಲ.

ಮಗಳು ಬಂದು ಪೆಂಡಿ ಇಳಿಸಿದಳು. ತಾನು ದಿನಾ ಹಾಕಿಕೊಳ್ಳುವ ಸಗಣಿ ಮೆತ್ತಿದ ಖಾಕಿ ಕೋಟನ್ನು ಬಿಚ್ಚಿ, ಚಿಕ್ಕ ಮಗುವಿಗೆ ತೊಡಿಸುವ ಹಾಗೆ ಒಂದೊಂದೇ ತೋಳು ಹಿಡಿದು ಅಪ್ಪನಿಗೆ ತೊಡಿಸಿದಳು. ಬೆನ್ನಿನಲ್ಲಿ ಹೊಲಿಗೆ ಪರ್ರೆಂದಿತು, ಗುಂಡಿ ಕಾಜದ ತನಕ ಮುಟ್ಟಲಿಲ್ಲ. "ಈಗ ಹೋಗಿ," ಅಂದಳು. ಅವರು ಹೋದರು. ಪ್ರಾಣಿಗಳು ಗೋಡೆ ಬಿಡಲು ಹೊತ್ತು ಹಿಡಿಯಿತು. ಲಾರಿ ಅರ್ಧ ಖಾಲಿಯಾಗುವ ಹೊತ್ತಿಗೆ ಹಸಿವು ಹೆಚ್ಚಿದ ಮುದಿ ಹಸುವೊಂದು ಬಂದು ಅವರ ಕೈಯಿಂದಲೇ ಹುಲ್ಲು ಎಳೆಯಿತು.

ಹೊರಡುವಾಗ ಯಜಮಾನರು ಕೋಟು ಬಿಚ್ಚಲು ಹೋದರು. ಮಗಳು ತಡೆದಳು.

"ಹಾಕ್ಕೊಂಡೇ ಹೋಗಿ, ಚಳಿ ಇದೆ. ಅಮ್ಮ, ಹರಿದಿರೋದು ಹೊಲಿ, ಆದ್ರೆ ತೊಳೀಬೇಡ."

"ಆಯ್ತು. ಬುಧವಾರ ಊಟದ ಡಬ್ಬಿ ಜೊತೆ ತಂದುಕೊಡ್ತೀನಿ," ಅಂದೆ.

"ತರಬೇಡ," ಅಂದಳು ಅವಳು, ಪೊರಕೆ ಎತ್ತಿಕೊಂಡು ಉದುರಿದ ಹುಲ್ಲು ಗುಡಿಸುತ್ತ. "ನಾನೇ ಮನೆಗೆ ಬಂದು ತಗೋತೀನಿ."